ಮನೆವಾರ್ತೆ: ಒಗೆಯುವ ಕೋಣೆಯ ಜೀರ್ಣೋದ್ಧಾರ

ಹೋದ ಆಷಾಢಮಾಸದ ಒಂದು ಮುಂಜಾವದಲ್ಲಿ ನಮ್ಮ ಮನೆಯವರು ಹಿತ್ತಲ ಕಡೆಯ ಒಗೆಯುವ ಕೋಣೆಯಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ವೈದ್ಯರು ಪಟ್ಟಿ ಕಟ್ಟಿ, ಆರು ವಾರ ಆ ಕೈಯಿಂದ ಯಾವ ಕೆಲಸವನ್ನೂ ಮಾಡಕೂಡದೆಂದು ವಿಧಿಸಿದರು. ಹೀಗಾಗಿ ಮನೆಯ ಬಟ್ಟೆಗಳೆಲ್ಲ ನಮ್ಮ ಪಾಲಿಗೆ ಬಂದವು. ಮೂವತ್ತೈದು ವರ್ಷ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು, ಆರಡಿ ಅಗಲ ಎಂಟಡಿ ಉದ್ದದ ಆ ಕತ್ತಲೆಯ ಗೂಡಿನಲ್ಲಿ ಬೆನ್ನು ಬಗ್ಗಿಸಿ ಕುಳಿತ ಮೂರನೆಯ ದಿನಕ್ಕೇ, ಇವರು ಇಷ್ಟು ಕಾಲ ಇಲ್ಲಿ ಹೇಗೆ ದುಡಿದರೆಂದು ಬೆರಗಾದೆವು. ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಹತ್ತು ವರ್ಷದ ಹಿಂದನ ಹೇಳಿದ್ದೆ. ನೀವು ಪೇಪರ್ ತಿದ್ದಲಿಕ್ಕೆ ಹತ್ತಿದ್ರಿ."

ಧಾತುಪಾಠದಲ್ಲಿ 'ಧಾವ್' ಎಂಬ ಧಾತುವಿಗೆ ಓಡುವುದು, ಶುದ್ಧಗೊಳಿಸುವುದು ಎಂಬ ಎರಡು ಅರ್ಥಗಳಿವೆ. ಇವೆರಡಕ್ಕೂ ಸಂಬಂಧವೇನೆಂದು ವಿದ್ಯಾರ್ಥಿಯಾಗಿದ್ದಾಗ ನಮಗೆ ತಿಳಿದಿರಲಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಒಗೆದ ಅರಿವೆಗಳನ್ನು ಅಂಗಳದಿಂದ ಪಡಸಾಲೆಗೂ ಪಡಸಾಲೆಯಿಂದ ಅಂಗಳಕ್ಕೂ ದಿನಕ್ಕೆ ನಾಲ್ಕು ಸಲ ಹೊತ್ತು ಓಡಿದ ಮೇಲೆ ಆ ಸಂಶಯವು ಸಂಪೂರ್ಣವಾಗಿ ನಿವಾರಣೆಯಾಯಿತು.

ಕೋಣೆಯನ್ನು ಸುಧಾರಿಸಲೇಬೇಕೆಂದು ನಿಶ್ಚಯಿಸಿ ಒಬ್ಬ ಗುತ್ತಿಗೆದಾರರನ್ನು ಕರೆಯಿಸಿದೆವು. ಅವರು ನೆಲಕ್ಕೂ ಗೋಡೆಗೂ ಹೊಳೆಯುವ ಬಿಲ್ಲೆ, ಮೇಲೆ ಸಿಮೆಂಟಿನ ಮಾಳಿಗೆ ಎಂದು ಬರೆದು ತೊಂಬತ್ತು ಸಾವಿರದ ಅಂದಾಜನ್ನು ನಮ್ಮ ಕೈಯಲ್ಲಿಟ್ಟರು. ನಮ್ಮಲ್ಲಿದ್ದುದು ಪಿಂಚಣಿಯಿಂದ ಉಳಿಸಿದ ಮೂವತ್ತು ಸಾವಿರ. ಪುಣೆಯಲ್ಲಿರುವ ಮಗನು ಉಳಿದುದನ್ನು ತಾನು ಕೊಡುವೆನೆಂದನು. ಆದರೆ ಅವನ ಮೇಲೆ ಮನೆಯ ಸಾಲವಿದೆ. ಆದುದರಿಂದ ಬಿಲ್ಲೆಗಳ ಆಸೆಯನ್ನು ಬಿಟ್ಟು, ನಮ್ಮ ಓಣಿಯ ಒಬ್ಬ ಹಳೆಯ ಗವಂಡಿಯನ್ನು ಕೇಳಿದೆವು. ಅವನು ಕೋಣೆಯನ್ನು ನೋಡಿದವನೇ ಒಂದು ಕೊಡ ನೀರು ತರಿಸಿ ನೆಲದ ಮೇಲೆ ಸುರಿದು ಸುಮ್ಮನೆ ನಿಂತನು. ನೀರು ಮೋರಿಯ ಕಡೆಗೆ ಹೋಗದೆ ನಡುವೆ ನಿಂತು, ಮೆಲ್ಲನೆ ಗೋಡೆಯ ಬುಡಕ್ಕೆ ಸರಿಯಿತು. "ಮಾಸ್ತರ್ರೀ, ನೀರು ಯಾರ ಮಾತೂ ಕೇಳಂಗಿಲ್ಲ, ಇಳಿಜಾರಿನ ಮಾತಷ್ಟ ಕೇಳತೈತಿ" ಎಂದನು. ಪಾಚಿಗೂ, ಗೋಡೆಯ ಸವಳಿಗೂ, ಮುರಿದ ಮಣಿಕಟ್ಟಿಗೂ ಕಾರಣವು ಅಲ್ಲಿಯೇ ಇತ್ತು.

ಆದಕಾರಣ ಹಣದ ಮೊದಲ ಭಾಗವು ನೆಲಕ್ಕೆ ಸಂದಿತು. ಹಳೆಯ ಹಾಸನ್ನು ಕಿತ್ತು, ಎಂಟಡಿಗೆ ಒಂದೂವರೆ ಅಂಗುಲದಷ್ಟು ಇಳಿಜಾರು ಕೊಟ್ಟು, ಶಹಾಬಾದದ ಫರಸಿಯನ್ನು ಹಾಸಿದರು. ಹೊಳಪು ಕೊಟ್ಟ ಫರಸಿ ನೋಟಕ್ಕೆ ಚೆಂದ, ಆದರೆ ಒದ್ದೆಯಾದಾಗ ಜಾರುವುದು. ನಾವು ಒರಟು ಮೈಯದನ್ನೇ ಆರಿಸಿದೆವು, ಬೆಲೆಯೂ ಕಡಿಮೆ. ಈ ಕಲ್ಲು ಸುಣ್ಣದ ಜಾತಿಯದು. ಕಲೆ ತೆಗೆಯಲೆಂದು ಇದರ ಮೇಲೆ ಆ್ಯಸಿಡ್ ಸುರಿದರೆ ಬುರುಗೆದ್ದು ಕಲ್ಲೇ ಸವೆಯುವುದೆಂಬುದನ್ನು ಗೃಹಿಣಿಯರು ನೆನಪಿಡಬೇಕು. ಮೋರಿಯ ಬಾಯಿಗೆ ನಹಾನಿ ಟ್ರ್ಯಾಪ್ ಎಂಬ ಬಟ್ಟಲನ್ನು ಕೂಡಿಸಿದರು. ಅದರಲ್ಲಿ ಸದಾ ಎರಡು ಅಂಗುಲದಷ್ಟು ನೀರು ನಿಂತಿರುವುದರಿಂದ ಗಟಾರದ ದುರ್ವಾಸನೆಯೂ ಜಿರಳೆಗಳೂ ಮೇಲೆ ಬರಲಾರವು. ಊರಿಗೆ ಹೋಗಿ ತಿಂಗಳುಗಟ್ಟಲೆ ಕೋಣೆಯನ್ನು ಬಳಸದಿದ್ದರೆ ಆ ನೀರು ಆರುವುದು. ಬಂದೊಡನೆ ಒಂದು ತಂಬಿಗೆ ನೀರು ಹಾಕಿದರೆ ಸಾಕು.

ಗೋಡೆಯ ವಿಷಯದಲ್ಲಿ ತಪ್ಪು ನಮ್ಮದೇ. ನಮ್ಮದು ಕೆಂಪು ಜಂಬಿಟ್ಟಿಗೆಯ ಹಳೆಯ ಗೋಡೆ. ಕೆಲವು ವರ್ಷಗಳ ಹಿಂದೆ, ಸವಳು ಬಂದಿದೆಯೆಂದು, ಗಟ್ಟಿ ಸಿಮೆಂಟನ್ನು ಮೆತ್ತಿಸಿ ಮೇಲೆ ಎಣ್ಣೆಬಣ್ಣ ಹಚ್ಚಿಸಿದ್ದೆವು. ನೆಲದಿಂದ ಏರಿದ ತೇವವು ಹೊರಬೀಳಲು ದಾರಿಯಿಲ್ಲದೆ ಒಳಗೇ ಉಪ್ಪುಗಟ್ಟಿ, ಮಳೆಗಾಲ ಬಂದಾಗಲೆಲ್ಲ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ಅದನ್ನೆಲ್ಲ ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡಿಸಿ ಸುಣ್ಣವನ್ನೇ ಬಳಿಸಿದೆವು. ಸುಣ್ಣದ ಗೋಡೆ ಉಸಿರಾಡುತ್ತದೆ.

ಮಾಡಿಗೆ ಸೋರುವ ತಗಡು ಇತ್ತು. ಅದಕ್ಕೆ ಪರಿಹಾರವು ಖಾನಾಪುರದಿಂದ ಬಂದಿತು. ಅಲ್ಲಿರುವ ನಮ್ಮ ತಂಗಿಯ ಮನೆಯವರು ಹಳೆಯ ಮಾಡನ್ನಿಳಿಸಿ ಸಿಮೆಂಟಿನದನ್ನು ಹಾಕಿಸಿದ್ದರು. ಹೆಂಚುಗಳೆಲ್ಲ ಹಿತ್ತಲಲ್ಲಿ ಒಟ್ಟಿದ್ದವು. ಖಾನಾಪುರದ ಮಣ್ಣು ಗಡಿಗೆಗೂ ಹೆಂಚಿಗೂ ಹೆಸರಾದುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಆರಂಭಿಸಿದ ಬಗೆಯ ಹೆಂಚುಗಳಿವು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂಡಿಕೊಳ್ಳುವುದು. ಬೆರಳಿನಿಂದ ತಟ್ಟಿದಾಗ ಕಂಚಿನಂತೆ ನಾದಗೈದವನ್ನೇ ತೊಂಬತ್ತು ಆರಿಸಿಕೊಂಡೆವು. "ಅಣ್ಣಾ, ರೊಕ್ಕದ ಮಾತು ಎತ್ತಬ್ಯಾಡ" ಎಂದು ತಂಗಿ ಗದರಿಸಿದಳು. ಸಾಗಿಸಿದ ಟೆಂಪೋದ ಬಾಡಿಗೆ ಮಾತ್ರ ನಮ್ಮದಾಯಿತು. ಹೆಂಚು ತಗಡಿಗಿಂತ ಬಹಳ ಭಾರವಾದುದರಿಂದ ತೊಲೆ ರೀಪುಗಳನ್ನು ಬಡಿಗನಿಗೆ ತೋರಿಸದೆ ಏರಿಸಕೂಡದು. ನಡುವೆ ಎರಡು ಗಾಜಿನ ಹೆಂಚುಗಳನ್ನು ಹಾಕಿಸಿದೆವು. ಹಗಲು ದೀಪ ಬೇಡವಾಯಿತು.

ಸಹ್ಯಾದ್ರಿಗೆ ಸಮೀಪವಾದ ಖಾನಾಪುರದ ಮಳೆ ನಮ್ಮ ಊರಿನ ಮಳೆಗಿಂತ ಹೆಚ್ಚಿನದು. ಅಲ್ಲಿ ಬಟ್ಟೆ ಒಣಗಿಸಲು ಬಲ್ಲವರು ಎಲ್ಲಿಯೂ ಒಣಗಿಸಬಲ್ಲರು. ತಂಗಿಯು ಬಚ್ಚಲೊಲೆಯ ಮೇಲಣ ಬಿಸಿಯಲ್ಲಿ ಬಿದಿರ ಗಳಗಳನ್ನು ರಾಟೆಯಿಂದ ಮೇಲೇರಿಸಿ ಕಟ್ಟುವಳು. ನಮ್ಮಲ್ಲಿ ಒಲೆಯಿಲ್ಲ, ಗಳ ಮತ್ತು ರಾಟೆಗಳನ್ನಷ್ಟೇ ಅನುಕರಿಸಿ, ಗಾಳಿಯಾಡಲೆಂದು ಗೋಡೆಯ ನೆತ್ತಿಗೂ ಮಾಡಿಗೂ ನಡುವೆ ಜಾಳಿಗೆ ಬಿಟ್ಟೆವು. ಇದಕ್ಕೆ ತಗುಲಿದ್ದು ಒಂಬೈನೂರು ರೂಪಾಯಿ. ಇಡೀ ಕೆಲಸದಲ್ಲಿ ಇಷ್ಟು ಅಲ್ಪದಿಂದ ಇಷ್ಟು ಸುಖ ಬೇರೆ ಯಾವುದರಿಂದಲೂ ಆಗಲಿಲ್ಲ.

ಯಂತ್ರವನ್ನು ಕೊಂಡೆವು, ಹೌದು. ಊರಿನ ಕೆಲವು ವಾರ್ಡುಗಳಿಗೆ 2008ರಿಂದ ಹಗಲಿರುಳು ನಳದ ನೀರು ಬರತೊಡಗಿತು. ನಮ್ಮ ಓಣಿಗೆ ಆ ಭಾಗ್ಯವಿಲ್ಲ, ನೀರನ್ನು ಹಿಡಿದಿಟ್ಟು ಬಳಸಬೇಕು. ಆದುದರಿಂದ ತಾನಾಗಿ ನೀರು ಸೆಳೆದುಕೊಳ್ಳುವ ಬೆಲೆಯುಳ್ಳ ಯಂತ್ರವನ್ನು ಬಿಟ್ಟು, ಕೊಡದಿಂದ ತುಂಬಬಹುದಾದ ಜೋಡುಡೋಣಿಯ ಯಂತ್ರವನ್ನು ಹನ್ನೊಂದು ಸಾವಿರಕ್ಕೆ ತಂದೆವು. ಅದರ ತಿರುಗುಡೋಣಿಯು ಹಿಂಡಿಕೊಟ್ಟ ಸೀರೆಯು ಮಳೆಯಲ್ಲೂ ಗಳದ ಮೇಲೆ ಒಂದೇ ರಾತ್ರಿಯಲ್ಲಿ ಆರುವುದು.

ಇಲ್ಲಿ ವಾಚಕರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಎಲ್ಲಿ ಬೇಕಾದರೂ ಜಿಪುಣತನ ಮಾಡಿರಿ, ವಿದ್ಯುತ್ತಿನಲ್ಲಿ ಮಾಡಬೇಡಿರಿ. ನಮ್ಮ ಹಳೆಯ ಮನೆಗೆ ಭೂಮಿಗಿಳಿಯುವ ಮೂರನೆಯ ತಂತಿಯೇ ಇರಲಿಲ್ಲ. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಮೈಯ ಯಂತ್ರ: ಈ ಮೂರೂ ಕೂಡುವಲ್ಲಿ ಅರ್ಥಿಂಗ್ ಇಲ್ಲದಿರುವುದೆಂದರೆ ಮೃತ್ಯುವಿಗೆ ಮಣೆ ಹಾಕಿದಂತೆ. ಪರವಾನಗಿಯುಳ್ಳವನಿಂದ ಆ ತಂತಿಯನ್ನು ಎಳೆಯಿಸಿ, 30 ಮಿಲಿಆಂಪಿಯರ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ಆರ್‌ಸಿಸಿಬಿಯನ್ನು ಕೂಡಿಸಿದೆವು. ಪ್ಲಗ್ಗನ್ನು ನೀರು ಸಿಡಿಯದಷ್ಟು ಎತ್ತರಕ್ಕೆ ಸರಿಸಿದೆವು. ಮೂರೂವರೆ ಸಾವಿರ ತಗುಲಿತು.

ಹಳೆಯ ಒಗೆಯುವ ಕಲ್ಲನ್ನು ಎಸೆಯಲು ನಾವು ಹೊರಟಾಗ ಮನೆಯವರು ಒಪ್ಪಲಿಲ್ಲ. ಕೊರಳಪಟ್ಟಿ, ಧೋತರದ ಅಂಚು ಯಂತ್ರಕ್ಕೆ ಬಗ್ಗುವುದಿಲ್ಲವೆಂದರು. ಕಲ್ಲು ಉಳಿಯಿತು, ಆದರೆ ಎರಡೂವರೆ ಅಡಿ ಎತ್ತರದ ಕಟ್ಟೆಯನ್ನು ಕಟ್ಟಿಸಿ ಅದರ ಮೇಲೆ ಕೂಡಿಸಿದೆವು. ಅವರು ಈಗ ನಿಂತು ಒಗೆಯುತ್ತಾರೆ. ಮಣಿಕಟ್ಟು ಮಳೆಯ ದಿನ ಇನ್ನೂ ನೋಯುತ್ತದೆಂದು ಹಿಂಡುವ ಕೆಲಸ ನಮ್ಮದಾಗಿಯೇ ಉಳಿದಿದೆ.

ಒಟ್ಟು ವೆಚ್ಚವು ಮೂವತ್ತು ಸಾವಿರವನ್ನು ಆರುನೂರೈವತ್ತು ರೂಪಾಯಿಗಳಷ್ಟು ಮೀರಿತು. ಬಾಗಿಲಿಗೆ ಕದವಿಲ್ಲ, ಸದ್ಯಕ್ಕೆ ಗೋಣಿತಟ್ಟು ತೂಗುಬಿಟ್ಟಿದ್ದೇವೆ. ಬರುವ ತಿಂಗಳ ಪಿಂಚಣಿಯಲ್ಲಿ ಅದನ್ನು ನೋಡಬೇಕು.