ಮೊದಲು ಒಂದು ಕ್ಲಚ್, ಆಮೇಲೆ ಎರಡು

ಬಿಡುವಿನ ವೇಳೆಯಲ್ಲಿ ನಮ್ಮ ಹುಡುಗರು ಕಾರಿನ ಮಾತು ಶುರು ಮಾಡಿದರೆ ಅದು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಡ್ಯುಯಲ್ ಕ್ಲಚ್ ಮೇಲೋ, ಮ್ಯಾನುಯಲ್ ಮೇಲೋ? ಯಾವುದು ವೇಗ ಎಂಬುದಷ್ಟೇ ವಾದವಾದರೆ ಅದು ಯಾವತ್ತೋ ಮುಗಿದಿದೆ. ಡ್ಯುಯಲ್ ಕ್ಲಚ್ ಗೆದ್ದಿದೆ. ಆದರೂ ನಮ್ಮಂಥವರು ಮೊದಲು ಕಲಿಯಬೇಕಾದದ್ದು ಮ್ಯಾನುಯಲ್ ಎಂಬುದು ನನ್ನ ಅಭಿಪ್ರಾಯ.

ಮ್ಯಾನುಯಲ್ ಕಾರಿನಲ್ಲಿ ಗೇರ್ ಬದಲಿಸುವಾಗ ಕ್ಲಚ್ ಒತ್ತುತ್ತೇವೆ. ಅಷ್ಟು ಹೊತ್ತು ಇಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದಿಲ್ಲ. ಡ್ಯುಯಲ್ ಕ್ಲಚ್‌ನಲ್ಲಿ 1, 3, 5ನೇ ಗೇರ್‌ಗಳಿಗೆ ಒಂದು ಕ್ಲಚ್, 2, 4, 6ನೇ ಗೇರ್‌ಗಳಿಗೆ ಇನ್ನೊಂದು. ಕಾರು ಮೂರರಲ್ಲಿ ಓಡುತ್ತಿರುವಾಗಲೇ ಕಂಪ್ಯೂಟರ್ ನಾಲ್ಕನ್ನು ಸಿದ್ಧ ಮಾಡಿಟ್ಟಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ನಡುವೆ ಶಕ್ತಿ ತುಂಡಾಗುವುದೇ ಇಲ್ಲ. ಪೋರ್ಷೆ ಕಂಪನಿ ಇದನ್ನು 1980ರ ದಶಕದಲ್ಲೇ ರೇಸ್ ಕಾರುಗಳಲ್ಲಿ ಓಡಿಸಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ ಇದು ಸಾಮಾನ್ಯ ರಸ್ತೆಗೂ ಬಂತು. 2021ರ ಪೋರ್ಷೆ 911 ಜಿಟಿ3 ಡ್ಯುಯಲ್ ಕ್ಲಚ್‌ನಲ್ಲಿ 0ಯಿಂದ 100 ಕಿ.ಮೀ. ವೇಗಕ್ಕೆ 3.4 ಸೆಕೆಂಡಿನಲ್ಲಿ ತಲುಪಿದರೆ, ಮ್ಯಾನುಯಲ್‌ನಲ್ಲಿ 3.9 ಸೆಕೆಂಡ್ ಬೇಕು.

ಆದರೆ ಅದೇ ಪೋರ್ಷೆಯ ಕಥೆ ನೋಡಿ. 2013ರಲ್ಲಿ ಜಿಟಿ3 ಕಾರಿನಿಂದ ಮ್ಯಾನುಯಲ್ ಗೇರನ್ನು ತೆಗೆದೇ ಹಾಕಿತು. 2016ರಲ್ಲಿ ಮ್ಯಾನುಯಲ್ ಮಾತ್ರ ಇರುವ 911 ಆರ್ ಎಂಬ ಕಾರನ್ನು ಕೇವಲ 991 ಮಾಡಿ ಮಾರಿತು. 2017ರಲ್ಲಿ ಜಿಟಿ3ಗೂ ಮ್ಯಾನುಯಲ್ ಮರಳಿ ಬಂತು. ಅರ್ಧ ಸೆಕೆಂಡ್ ನಿಧಾನವಾದರೂ ಸರಿ, ಕಾರು ತಮ್ಮ ಕೈಯಲ್ಲಿರಬೇಕು ಎನ್ನುವವರು ಇದ್ದಾರೆ ಎಂದಾಯಿತು. ಅದು ಕೋಟಿ ಕೊಡಬಲ್ಲವರ ಸುಖ. ನಮ್ಮ ಕಾರಣಗಳು ಬೇರೆ.

ಮೊದಲನೆಯದು, ನಮ್ಮ ರಸ್ತೆ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹೋದವರಿಗೆ ಆ ಸಾಲು ಗೊತ್ತು. ಒಂದು ಅಡಿ ಮುಂದೆ, ಮತ್ತೆ ನಿಲುಗಡೆ. ಆ ತಿರುವುಗಳಲ್ಲಿ ಅರ್ಧ ಸೆಕೆಂಡಿನ ಗೆಲುವಿಗೆ ಬೆಲೆಯಿಲ್ಲ, ಪ್ರಾಣಕ್ಕೆ ಬೆಲೆಯಿದೆ. ಏರಿನಲ್ಲಿ ಹೀಗೆ ತೆವಳುವಾಗ ಡ್ಯುಯಲ್ ಕ್ಲಚ್ ಕಾರಿನಲ್ಲೂ ಕ್ಲಚ್ ಜಾರುತ್ತಿರುತ್ತದೆ, ಬಿಸಿಯಾಗುತ್ತದೆ. ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್ ಆದರೆ ಬಿಸಿ ಇನ್ನೂ ಬೇಗ ಏರುತ್ತದೆ. ಕೆಲವರು ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಿಂದಲೇ ಕಾರನ್ನು ಏರಿನಲ್ಲಿ ತಡೆದು ನಿಲ್ಲಿಸುತ್ತಾರೆ. ಅದು ಕ್ಲಚ್ ಪ್ಲೇಟನ್ನು ತಿನ್ನುವ ಕೆಲಸ. ಹಾಫ್ ಕ್ಲಚ್ ಎಂದರೇನೆಂದು ಎಡಗಾಲಿಗೆ ಗೊತ್ತಿರುವವನು ಆ ತಪ್ಪು ಮಾಡುವುದು ಕಡಿಮೆ. ಪ್ರಥಮ ಪಿಯುಸಿಯಲ್ಲಿ ಓದುವ ಘರ್ಷಣೆಯ ಪಾಠ ಅವನಿಗೆ ಕಾಲಿನಿಂದಲೇ ಅರ್ಥವಾಗಿರುತ್ತದೆ.

ಎರಡನೆಯದು, ದುಡ್ಡು. ಮ್ಯಾನುಯಲ್ ಕಾರಿನ ಕ್ಲಚ್ ಪ್ಲೇಟ್ ಬದಲಿಸುವ ಉಸ್ತಾದ್ ನಮ್ಮ ಊರುಗಳಲ್ಲೇ ಸಿಗುತ್ತಾರೆ. ಡ್ಯುಯಲ್ ಕ್ಲಚ್‌ಗೆ ವಿಶೇಷ ಸಲಕರಣೆ ಬೇಕು, ಕಂಪ್ಯೂಟರ್ ಬೇಕು, ತರಬೇತಿ ಬೇಕು. ಅದರ ನಿಯಂತ್ರಣ ಭಾಗ ಎಷ್ಟು ಸೂಕ್ಷ್ಮವೆಂದರೆ, 2013ರಲ್ಲಿ ಫೋಕ್ಸ್‌ವ್ಯಾಗನ್ ಚೀನಾದಲ್ಲಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಈ ಗೇರ್‌ಬಾಕ್ಸಿನ ದೋಷಕ್ಕಾಗಿ ವಾಪಸು ಕರೆಸಿಕೊಳ್ಳಬೇಕಾಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಡ್ಯುಯಲ್ ಕ್ಲಚ್ ಕಾರು ತಂದು, ಆಮೇಲೆ ರಿಪೇರಿಗೆ ಸಾಲ ಮಾಡುವುದು ನಮ್ಮ ದೀನ್ ಬೇಡವೆಂದ ಇಸ್ರಾಫ್ ಅಲ್ಲದೆ ಮತ್ತೇನು?

ಮೂರನೆಯದು, ದುಡಿಮೆ. ಚಿಂತಾಮಣಿ ಮಾರ್ಕೆಟ್ಟಿಗೆ ಟೊಮೆಟೊ ಕ್ರೇಟ್ ಹೊತ್ತು ಹೋಗುವ ಪಿಕಪ್‌ಗಳು, ಹೊಲದ ಟ್ರಾಕ್ಟರ್‌ಗಳು ಹೆಚ್ಚಿನವು ಇವತ್ತಿಗೂ ಮ್ಯಾನುಯಲ್. ದುಬೈಗೆ ಡ್ರೈವರ್ ಕೆಲಸಕ್ಕೆ ಹೋಗಬೇಕೆನ್ನುವವರು ಇದನ್ನೂ ನೆನಪಿಡಿ: ಅಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದವರು ಮ್ಯಾನುಯಲ್ ಗಾಡಿ ಓಡಿಸುವಂತಿಲ್ಲ. ಮ್ಯಾನುಯಲ್ ಕಲಿತವನಿಗೆ ಎರಡೂ ಬಾಗಿಲು ತೆರೆದಿರುತ್ತವೆ.

ಡ್ಯುಯಲ್ ಕ್ಲಚ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನವೂ ಗಂಟೆಗಟ್ಟಲೆ ಕೂರುವವರಿಗೆ, ಎಡಗಾಲಿನಲ್ಲಿ ಶಕ್ತಿಯಿಲ್ಲದವರಿಗೆ ಕ್ಲಚ್ ಪೆಡಲ್ ಇಲ್ಲದ ಕಾರು ದೊಡ್ಡ ಉಪಕಾರ. ನಾವು ಕೊಳ್ಳುವ ಕಾಲಕ್ಕೂ ಆಯ್ಕೆ ಇದ್ದೀತು. ಹ್ಯುಂಡೈ ಐ20 ಎನ್ ಲೈನ್ 2023ರಲ್ಲಿ 6 ಗೇರ್‌ಗಳ ಮ್ಯಾನುಯಲ್‌ನಲ್ಲೂ 7 ಗೇರ್‌ಗಳ ಡ್ಯುಯಲ್ ಕ್ಲಚ್‌ನಲ್ಲೂ ಬಂತು. ಇನ್ನು, ಇಂಥ ಕಾರುಗಳು ಹೆಚ್ಚಿದಷ್ಟೂ ಅವನ್ನು ಬಿಚ್ಚಿ ಜೋಡಿಸಬಲ್ಲವರು ಬೇಕು. ನಮ್ಮ ಉಸ್ತಾದರ ಕೈಚಳಕಕ್ಕೆ ಕಂಪ್ಯೂಟರಿನ ತಿಳುವಳಿಕೆ ಸೇರಿದರೆ ಆ ಕೆಲಸ ನಮ್ಮವರದೇ.

ಅದಕ್ಕೆ ಕಾಲೇಜಿಗೆ ನನ್ನದೊಂದು ವಿನಂತಿ. ಗುಜರಿಯಿಂದ ಒಂದು ಹಳೆಯ ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಕ್ಲಚ್ ಸೆಟ್ ತರಿಸಿ, ಕವಚ ಕೊಯ್ಸಿ ಭೌತಶಾಸ್ತ್ರದ ಲ್ಯಾಬಿನಲ್ಲಿಡಿ. ಹುಡುಗರೂ ಹುಡುಗಿಯರೂ ಅದನ್ನು ಕೈಯಿಂದ ತಿರುಗಿಸಿ ನೋಡಲಿ. ಒಂದು ಕ್ಲಚ್ ಅರ್ಥವಾದರೆ ಎರಡನೆಯದು ಕಷ್ಟವೇನಲ್ಲ.