ಮಾತಾಡುವ ಪೆಟ್ಟಿಗೆ ಮತ್ತು ಉದ್ರಿ ಪುಸ್ತಕ

ಮೊನ್ನೆ ಪಾಳಿ ಬಿಡುವ ಹೊತ್ತಿಗೆ ಗಿರಣಿ ಗೇಟಿನೆದುರಿನ ಚಹದಂಗಡಿಯಲ್ಲಿ ಕುಳಿತಿದ್ದೆ. ಬಿಸ್ಕೀಟಿನ ಭರಣಿಗಳ ಪಕ್ಕದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ. ಗಿರಾಕಿಯು ಫೋನು ಹಿಡಿದು ಹಣ ಕಳಿಸಿದೊಡನೆ ಅದು "ಹತ್ತು ರೂಪಾಯಿ ಬಂದಿದೆ" ಎಂದು ಬೀದಿಗೆಲ್ಲ ಸಾರುತ್ತದೆ. ಅಂಗಡಿಯವನು ನಕ್ಕು, "ಮೇಷ್ಟ್ರೇ, ನನ್ನ ಗಲ್ಲಾಕ್ಕೆ ಈಗ ಬಾಯಿ ಬಂದಿದೆ. ಆದರೆ ಬಂದದ್ದನ್ನಷ್ಟೇ ಹೇಳುತ್ತದೆ, ಹೋದದ್ದನ್ನು ಹೇಳೋದಿಲ್ಲ" ಎಂದ. ಈ ಮಾತು ನನ್ನ ತಲೆಯಲ್ಲಿ ನಿಂತಿತು.

ನಾವು ಯಂತ್ರದ ವೈರಿಗಳಲ್ಲ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಚಿಲ್ಲರೆಯ ಜಗಳ ತಪ್ಪಿತು, ಊರಿನಲ್ಲಿರುವ ತಾಯಿಗೆ ಮನಿಯಾರ್ಡರು ಕಳಿಸಲು ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುವುದು ತಪ್ಪಿತು. ಇದು ಒಳ್ಳೆಯದೇ. ನಮ್ಮ ಪ್ರಶ್ನೆ ಬೇರೆ: ಯಂತ್ರ ಬರೆಯುವ ಲೆಕ್ಕ ಯಾರ ಕೈಯಲ್ಲಿದೆ? ಅದನ್ನು ಓದುವವರು ಯಾರು?

2025ರ ಜುಲೈ ತಿಂಗಳಿನಲ್ಲಿ ಇದರ ಉತ್ತರ ಸಿಕ್ಕಿತು. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಜಮಾವನ್ನು ಆಧಾರವಾಗಿಟ್ಟುಕೊಂಡು ಸಣ್ಣ ವರ್ತಕರಿಗೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ "ನಗದು ಮಾತ್ರ" ಎಂಬ ಚೀಟಿಗಳು ತೂಗಿದವು. ವರ್ತಕರು ಬಂದ್‌ಗೆ ಕರೆ ಕೊಟ್ಟ ಮೇಲೆ ಮುಖ್ಯಮಂತ್ರಿಗಳು ಅವರನ್ನು ಕರೆಸಿ ಮಾತನಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಭರವಸೆ ಕೊಟ್ಟರು. ಒಬ್ಬೊಬ್ಬರೇ ಅರ್ಜಿ ಹಿಡಿದು ಹೋಗಿದ್ದರೆ ಈ ಭರವಸೆ ಸಿಗುತ್ತಿತ್ತೇ?

ಲೆಕ್ಕ ನೋಡೋಣ. ಸರಕು ಮಾರುವವನ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು. ದಿನಕ್ಕೆ ಸುಮಾರು 11 ಸಾವಿರ. ಕೇಳಲು ದೊಡ್ಡ ಮೊತ್ತ. ಆದರೆ ಬೀಡಿ, ಸಿಗರೇಟು, ಎಣ್ಣೆ, ಸಕ್ಕರೆ ಮಾರುವವನಿಗೆ ಅದರಲ್ಲಿ ಉಳಿಯುವುದು ಕೆಲವೇ ನೂರು. ಚೀಟಿ ಹಣ, ಕೈಗಡ, ತಮ್ಮ ಕಳಿಸಿದ ಮಗುವಿನ ಫೀಜು, ಎಲ್ಲವೂ ಅದೇ ಫೋನಿಗೆ ಬರುತ್ತದೆ. ಜಮಾ ಬೇರೆ, ವ್ಯಾಪಾರ ಬೇರೆ, ಲಾಭ ಬೇರೆ. ಪೆಟ್ಟಿಗೆಗೆ ಈ ಭೇದ ತಿಳಿಯದು, ತಿಳಿಯಬೇಕಾದದ್ದು ಅಧಿಕಾರಿಗೆ.

ತೆರಿಗೆ ಬೇಡವೆಂದು ಸಮಾಜವಾದಿಗಳು ಹೇಳಲಾರರು. ಸರ್ಕಾರಿ ಶಾಲೆ, ಆಸ್ಪತ್ರೆ ನಡೆಯುವುದು ಅದರಿಂದಲೇ. ಒಂದು ಸೋಪು ಕೊಂಡ ಕೂಲಿಕಾರನೂ ತೆರಿಗೆ ತೆತ್ತೇ ಮನೆಗೆ ಹೋಗುತ್ತಾನೆ. ಆದರೆ ಬಡವನ ಹತ್ತು ರೂಪಾಯಿಯನ್ನು ಬೀದಿಯಲ್ಲಿ ಸಾರಿ ಎಣಿಸುವ ಸರ್ಕಾರ, ಅವನಿಗೆ ಕೊಡಬೇಕಾದದ್ದನ್ನೂ ಅಷ್ಟೇ ಚುರುಕಾಗಿ ಎಣಿಸಲಿ. ಬೀದಿ ವ್ಯಾಪಾರಿಗಳ 2014ರ ಕಾಯಿದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಚುನಾಯಿತರಾಗಿ ಕೂರಬೇಕು. ನಮ್ಮ ಊರಿನ ಸಮಿತಿಯಲ್ಲಿ ಕುಳಿತವರು ಯಾರೆಂದು ನಗರಸಭೆಗೆ ಹೋಗಿ ಕೇಳಿರಿ.

ಚಹದಂಗಡಿಯವನ ಮೇಜಿನ ಕೆಳಗೆ ಇನ್ನೊಂದು ಲೆಕ್ಕವಿದೆ: ಮಾಸಿದ ರಟ್ಟಿನ ಉದ್ರಿ ಪುಸ್ತಕ. ಮುಷ್ಕರದ ದಿನಗಳಲ್ಲಿ ಪಗಾರವಿಲ್ಲದವರಿಗೆ ಚಹ, ಬನ್ನು ಕೊಟ್ಟು ಬರೆದಿಟ್ಟ ಹೆಸರುಗಳು ಅದರಲ್ಲಿವೆ. ಕೆಲವನ್ನು ಅವನೇ ಗೀಟು ಹಾಕಿ ಹೊಡೆದಿದ್ದಾನೆ. ಯಾಕೆಂದು ಕೇಳಿದರೆ, "ಅವರ ಹತ್ರ ಏನಿದೆ ಮೇಷ್ಟ್ರೇ, ಬಿಟ್ಟೆ" ಎಂದ. ಯಾವ ಪೆಟ್ಟಿಗೆಯೂ ಇದನ್ನು ಸಾರಲಿಲ್ಲ.

ಕಾರ್ಮಿಕ ಬಂಧುಗಳೇ, ಆ ಋಣ ನಮ್ಮ ಮೇಲಿದೆ. ನಾಳೆ ಅವನ ಕೈಗೆ ನೋಟೀಸು ಬಂದರೆ ಕಚೇರಿಯ ಮೆಟ್ಟಿಲನ್ನು ಅವನೊಬ್ಬನೇ ಹತ್ತಬಾರದು. ವರ್ತಕ ಮಿತ್ರರೇ, ಕೊಂಡ ಸರಕಿನ ಬಿಲ್ಲುಗಳನ್ನು ಎಸೆಯಬೇಡಿರಿ. ಹೋದದ್ದರ ಲೆಕ್ಕವನ್ನು ನೀವೇ ಬರೆದಿಡಿರಿ. ಬಂದದ್ದನ್ನು ಪೆಟ್ಟಿಗೆ ಹೇಳುತ್ತದೆ. ಹೋದದ್ದನ್ನು ಹೇಳಲು ನಾವೆಲ್ಲ ಕೂಡಿ ಬಾಯಿ ತೆರೆಯಬೇಕು.