ಬಿಸಿಲೂರಿಗೆ ಎಂಥ ಹಸಿರುಮನೆ?

ಮನೆಯ ಹಿಂದಣ ನಾಲ್ಕು ಗಜ ನೆಲದಲ್ಲಿ ಕುಂಡಗಳನ್ನಿಟ್ಟು, ಬೆಳಗಿನ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಎಲೆಗಳ ಯೋಗಕ್ಷೇಮವನ್ನು ವಿಚಾರಿಸುವ ಗೃಹಸ್ಥರಿಗೆ, ಎರಡು ಮೂರು ವರ್ಷಗಳ ಅಭ್ಯಾಸವಾದ ಮೇಲೆ, ಇದ್ದ ನೆರಳುಗೂಡು ಸಾಲದು, ಇನ್ನೂ ದೊಡ್ಡದೊಂದು ಹಸಿರುಮನೆ ಬೇಕು ಎಂಬ ಅಪೇಕ್ಷೆ ಹುಟ್ಟುವುದು ಸಹಜ. ಅದನ್ನು ದೋಷವೆಂದು ಹೇಳತಕ್ಕವನು ನಾನಲ್ಲ. ಆದರೆ ಕಲಬುರಗಿಯಂಥ ಊರಿನಲ್ಲಿ ಈ ದೊಡ್ಡತನವನ್ನು ಯಾವ ದಿಕ್ಕಿನಲ್ಲಿ ಅಳೆಯಬೇಕೆಂಬುದನ್ನು ವಿಚಾರಿಸದೆ ಹಣ ತೆರುವವರು, ಗಿಡಗಳಿಗೆ ಮನೆ ಕಟ್ಟಿಸುವೆವೆಂದು ಹೊರಟು ಒಲೆಯನ್ನು ಕಟ್ಟಿಸಿಕೊಳ್ಳುವ ಸಂಭವವೇ ಹೆಚ್ಚು.

ಹಸಿರುಮನೆ ಮೂಲತಃ ಶೀತದೇಶಗಳ ಅಗತ್ಯದಿಂದ ಹುಟ್ಟಿದ ವಸ್ತು. ವರ್ಷದ ಅರ್ಧಭಾಗ ಸೂರ್ಯನ ಕೃಪೆ ದುರ್ಲಭವಾಗಿರುವ ಇಂಗ್ಲೆಂಡಿನಲ್ಲಿ, 1845ರಲ್ಲಿ ಗಾಜಿನ ಮೇಲಣ ತೆರಿಗೆ ರದ್ದಾದ ತರುವಾಯ, ಶ್ರೀಮಂತರ ಉದ್ಯಾನಗಳಿಗೆ ಸೀಮಿತವಾಗಿದ್ದ ಗಾಜಿನ ಮನೆ ಕ್ರಮೇಣ ಮಧ್ಯಮ ವರ್ಗದವರ ಹಿತ್ತಿಲಿಗೂ ಇಳಿದು ಬಂದಿತು. ವೃತ್ತಿಯಿಂದ ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಿಲ್ಲಿಸಿದ ಕ್ರಿಸ್ಟಲ್ ಪ್ಯಾಲೇಸ್ ಆ ವ್ಯಾಮೋಹಕ್ಕೆ ಶಿಖರಪ್ರಾಯವಾಯಿತು. ಅದರಿಂದ ಪ್ರೇರಿತವಾದ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ. ಫಲಪುಷ್ಪ ಪ್ರದರ್ಶನಕ್ಕೆಂದು ಬೆಂಗಳೂರಿಗೆ ಹೋಗಿ, ಅದರೆದುರು ನಿಂತು ಚಿತ್ರ ತೆಗೆಸಿಕೊಂಡು ಬಂದ ನಮ್ಮವರಲ್ಲಿ ಅನೇಕರು, ಹಸಿರುಮನೆಯೆಂದರೆ ಗಾಜು, ಗಾಜಿಲ್ಲದಿದ್ದರೆ ಗಾಜಿನಂತೆ ಹೊಳೆಯುವ ಪಾಲಿಕಾರ್ಬೊನೇಟ್ ಹಾಳೆ ಎಂದು ತೀರ್ಮಾನಿಸಿಕೊಂಡೇ ಊರಿಗೆ ಮರಳುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರುಗಳ ಆಸುಪಾಸಿನಲ್ಲಿ ಕುಳಿತ ಊರು. ಕಲಬುರಗಿ ಅದರ ಅರ್ಧದಷ್ಟು ಎತ್ತರದಲ್ಲಿದೆ. ಅಲ್ಲಿಯವರು 35 ಡಿಗ್ರಿಗೇ ಹಾಹಾಕಾರ ಮಾಡುವರು. ನಮಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ 42 ಎಂಬುದು ಸುದ್ದಿಯೇ ಅಲ್ಲ.

ಗಾಜಿನ ಮನೆ ಏತಕ್ಕೆ ಕಾಯುತ್ತದೆ ಎಂಬ ವಿಷಯದಲ್ಲಿಯೂ ಜನರಲ್ಲೊಂದು ಅರ್ಧಸತ್ಯ ಪ್ರಚಲಿತವಾಗಿದೆ. ಗಾಜು ಬೆಳಕನ್ನು ಒಳಗೆ ಬಿಟ್ಟುಕೊಂಡು ಶಾಖಕಿರಣಗಳನ್ನು ಹೊರಗೆ ಬಿಡದು ಎಂಬುದೇ ಕಾರಣವೆಂದು ಶಾಲೆಯಲ್ಲಿ ಓದಿದವರು ನಾವು. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಮತ್ತೊಂದಕ್ಕೆ ಶಾಖಕಿರಣಗಳನ್ನು ನಿರಾತಂಕವಾಗಿ ಹಾಯಗೊಡುವ ಕಲ್ಲುಪ್ಪಿನ ಫಲಕವನ್ನೂ ಹೊದಿಸಿ ಬಿಸಿಲಿನಲ್ಲಿಟ್ಟು ನೋಡಿದಾಗ, ಎರಡೂ ಹೆಚ್ಚುಕಡಿಮೆ ಸಮನಾಗಿಯೇ ಕಾದುವು. ಆದಕಾರಣ ಒಳಗಣ ಬಿಸಿಗಾಳಿ ಮೇಲೇರಿ ಹೊರಟುಹೋಗದಂತೆ ಬಂಧಿತವಾಗುವುದೇ ತಾಪಕ್ಕೆ ಮುಖ್ಯ ಹೇತುವೆಂದು ಆತ ನಿರ್ಣಯಿಸಿದ. ಹೊದಿಕೆ ಯಾವ ಪದಾರ್ಥದ್ದೆಂಬುದಕ್ಕಿಂತ ಗಾಳಿಗೆ ದಾರಿ ಎಲ್ಲಿದೆ ಎಂಬುದೇ ಮುಂಚೆ ಕೇಳಬೇಕಾದ ಪ್ರಶ್ನೆ. ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬಂದು ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ, ನೆತ್ತಿಯಲ್ಲಿ ಅಂಗೈಯಗಲದ ಒಂದೇ ಕಿಂಡಿಯುಳ್ಳ ಹಸಿರುಮನೆಗಳನ್ನು ನಮ್ಮ ಊರಿನಲ್ಲಿ ಮಾರುವವರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಳ್ಳುವವರು ಕೇಳುವುದೂ ಇಲ್ಲ.

ಉತ್ತರವನ್ನು ಹುಡುಕಿಕೊಂಡು ಲಂಡನ್ನಿಗಾಗಲಿ ಬೆಂಗಳೂರಿಗಾಗಲಿ ಹೋಗಬೇಕಾದ ಪ್ರಮೇಯವಿಲ್ಲ. ನಮ್ಮ ಕೋಟೆಯೊಳಗೆ, ಬಹಮನಿಯರ ಕಾಲದಲ್ಲಿ, 1367ರಲ್ಲಿ ಕಟ್ಟಿದ ಜಾಮಾ ಮಸೀದಿಯಿದೆ. ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ವಿಶಾಲವಾದ ಬಯಲಂಗಳ ಇದರಲ್ಲಿಲ್ಲ. ಇಡಿಯ ಆವರಣಕ್ಕೇ ಗುಮ್ಮಟಗಳ ಛಾವಣಿ ಹೊದಿಸಿ, ಪಶ್ಚಿಮವೊಂದನ್ನುಳಿದು ಮಿಕ್ಕ ಮೂರು ಬದಿಗಳಲ್ಲಿ ಅಗಲವಾದ ಕಮಾನುಗಳನ್ನು ತೆರೆದಿಟ್ಟು, ಬೆಳಕೂ ಗಾಳಿಯೂ ಪಕ್ಕದಿಂದಲೇ ಬರುವಂತೆ ಶಿಲ್ಪಿ ಯೋಜಿಸಿದ್ದಾನೆ. ಮೇ ತಿಂಗಳ ಮಧ್ಯಾಹ್ನ ಆ ಕಮಾನುಗಳ ಕೆಳಗೆ ಸ್ವಲ್ಪ ಹೊತ್ತು ನಿಂತವರಿಗೆ ನಾನು ಹೇಳಬೇಕಾದುದರ ಮುಕ್ಕಾಲು ಪಾಲು ತಾನಾಗಿಯೇ ತಿಳಿದಿರುತ್ತದೆ: ನೆತ್ತಿಯ ಬಿಸಿಲನ್ನು ತಡೆಯಬೇಕು, ಪಕ್ಕಗಳನ್ನು ತೆರೆದಿಡಬೇಕು, ಛಾವಣಿ ಎತ್ತರದಲ್ಲಿರಬೇಕು. ಪಶ್ಚಿಮದ ಗೋಡೆ ಮುಚ್ಚಿರುವುದು ಪ್ರಾರ್ಥನೆಯ ದಿಕ್ಕಿನ ಕಾರಣದಿಂದ. ಆದರೂ ಇಳಿಹೊತ್ತಿನ ಬಿಸಿಲೇ ಎಲೆಗಳ ಪರಮಶತ್ರುವಾಗಿರುವ ಈ ಊರಿನಲ್ಲಿ ತೋಟಗಾರನಿಗೆ ಅದೂ ಅನುಕರಣೀಯವೇ.

ಈ ಮೂರೂ ಗುಣಗಳು ಒಂದೆಡೆ ಕೂಡುವುದು ಶೇಡ್‌ನೆಟ್ಟಿನ ನೆರಳುಮನೆಯಲ್ಲಿ. ಬಲೆಯನ್ನು ನೂರಕ್ಕೆ 35, 50, 75, 90 ಪಾಲು ಬಿಸಿಲನ್ನು ತಡೆಯುವ ಲೆಕ್ಕದಲ್ಲಿ ಮಾರುತ್ತಾರೆ. ನೆರಳು ಹೆಚ್ಚಿದಷ್ಟೂ ಗಿಡಕ್ಕೆ ಹಿತವೆಂಬ ಭ್ರಮೆಯಿಂದ 75ರ ಬಲೆಯನ್ನು ಹೊದಿಸಿ, ಅದರಡಿ ಟೊಮ್ಯಾಟೊ ನೆಟ್ಟು, ಬಿಳಿಚಿಕೊಂಡು ಕಡ್ಡಿಯಂತೆ ಮೇಲೆದ್ದ ಸಸಿಗಳನ್ನು ನೋಡಿ ಗೊಬ್ಬರ ಸಾಲದೆಂದು ಭಾವಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಸೊಪ್ಪು ಕಾಯಿಪಲ್ಯಗಳಿಗೆ 35ರಿಂದ 50 ಸಾಕು. ಜರೀಗಿಡ, ಆಂಥೂರಿಯಂ, ಆರ್ಕಿಡ್‌ಗಳಂಥ ಕೋಮಲಾಂಗಿಗಳಿಗೆ ಮಾತ್ರ 75. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ: ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿದ ದಿನಗಳಲ್ಲಿ ಅದೇ ಬಲೆ ಗಿಡಗಳಿಗೆ ಶಾಪವಾಗುತ್ತದಾದ್ದರಿಂದ, ಹಗ್ಗವೆಳೆದು ಸುರುಳಿ ಮಾಡಿಡಬಹುದಾದ ಬಲೆಯೇ ಬೇಕು, ನಾಲ್ಕೂ ಕಡೆ ಮೊಳೆ ಹೊಡೆದು ಬಿಗಿದ ಬಲೆ ಅರ್ಧ ವರ್ಷಕ್ಕೆ ಮಾತ್ರ ಸಲ್ಲತಕ್ಕದ್ದು.

ಸೂರ್ಯನ ಗತಿಯನ್ನೂ ಗಮನಿಸಬೇಕು. ನಾವಿರುವುದು 17 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲೆ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದ ಬದಿ ಸದಾ ತಂಪೆಂದು ಬರೆದ ಪರದೇಶದ ಕೈಪಿಡಿಗಳನ್ನು ನಂಬಿ ಆ ಬದಿಗೆ ಸಸಿಮಡಿ ಮಾಡಿದವರು, ಮಿರಗದ ಮಳೆ ತಡವಾದ ವರ್ಷ, ಬೆಳಗ್ಗೆ ಸಂಜೆ ಓರೆಯಾಗಿ ನುಗ್ಗುವ ಬಿಸಿಲಿಗೆ ಅವನ್ನು ಒಪ್ಪಿಸಬೇಕಾಗುತ್ತದೆ.

ಇನ್ನು ಅಳತೆಯ ಮಾತು. ಆರಡಿ ಅಗಲ, ಎಂಟಡಿ ಉದ್ದದ ಚಿಕ್ಕ ಮನೆಯಲ್ಲಿ ನಡುವೆ ಎರಡಡಿಯ ದಾರಿ ಬಿಟ್ಟರೆ ನೆಲದ ಮೂರನೆಯ ಒಂದು ಪಾಲು ನಡೆಯುವುದಕ್ಕೇ ಹೋಯಿತು. ಆದ್ದರಿಂದ ದೊಡ್ಡದು ಬೇಕೆನ್ನುವವರ ವಾದದಲ್ಲಿ ಹುರುಳಿದೆ. ದಾರಿಯಲ್ಲಿ ನಿಂತು ಬಗ್ಗಿದರೆ ಮನುಷ್ಯನ ಕೈ ಸುಮಾರು ಮೂರಡಿಯವರೆಗೆ ಸಲೀಸಾಗಿ ಎಟಕುವುದರಿಂದ, ಎರಡೂವರೆ ಅಡಿಯ ದಾರಿ, ಎರಡು ಬದಿಗೂ ಮೂರು ಮೂರು ಅಡಿಯ ಮಡಿ, ಹೀಗೆ ಎಂಟೂವರೆಯಿಂದ ಹತ್ತಡಿಯ ಅಗಲ ಹವ್ಯಾಸಿಗೆ ಪ್ರಶಸ್ತವಾದುದು. ಅದನ್ನು ಮೀರಿದರೆ ನಡುವೆ ಮತ್ತೊಂದು ಮಡಿ, ಅದರ ಸುತ್ತ ಮತ್ತೊಂದು ದಾರಿ, ಅದಕ್ಕೆ ಮತ್ತಷ್ಟು ನೀರು. ಹವ್ಯಾಸವು ಉದ್ಯೋಗವಾಗಿ ಪರಿಣಮಿಸುವುದು ಇಲ್ಲಿಂದಲೇ. ಆದರೆ ಎತ್ತರದ ವಿಷಯದಲ್ಲಿ ಜಿಪುಣತನ ಸಲ್ಲದು. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದದ ಮನೆಗೆ ಏಳಡಿಯ ಛಾವಣಿಯಾದರೆ ಒಳಗೆ ಹಿಡಿಯುವ ಗಾಳಿ 1,120 ಘನ ಅಡಿ. ಹನ್ನೊಂದು ಅಡಿಗೆ ಎತ್ತಿದರೆ 1,760. ನೆಲ ಒಂದಂಗುಲವೂ ಹೆಚ್ಚಲಿಲ್ಲ, ಕುಡಿಸಬೇಕಾದ ನೀರು ಒಂದು ಹನಿಯೂ ಹೆಚ್ಚಲಿಲ್ಲ. ಕಾದ ಗಾಳಿ ಮಾತ್ರ ಎಲೆಗಳನ್ನು ಬಿಟ್ಟು ಮೇಲೆ ಹೋಗಿ ನಿಲ್ಲುವುದಕ್ಕೆ ಅವಕಾಶ ದೊರೆಯಿತು. ನಮ್ಮ ಊರಿನಲ್ಲಿ ದೊಡ್ಡ ಹಸಿರುಮನೆಯೆಂದರೆ ಎತ್ತರವಾದ ಹಸಿರುಮನೆಯೆಂದೇ ನನ್ನ ಅಭಿಪ್ರಾಯ.

ಎತ್ತರಕ್ಕೆ ಪ್ರತಿಯಾಗಿ ಗಾಳಿಯ ಭಯವುಂಟು. ಮೇ ಕೊನೆಯ ಬಿರುಗಾಳಿಗಳು ತಗಡನ್ನೇ ಹಾರಿಸಿಕೊಂಡು ಹೋಗುವಾಗ ಬಲೆಯ ಪಾಡೇನು ಎಂದು ಕೇಳಬಹುದು. ಬಲೆ ಗಾಳಿಯನ್ನು ತಕ್ಕಮಟ್ಟಿಗೆ ಹಾಯಗೊಡುವುದರಿಂದ ಪ್ಲಾಸ್ಟಿಕ್ ಹಾಳೆಗಿಂತ ಸುರಕ್ಷಿತ. ಅಪಾಯವಿರುವುದು ಕಂಬದ ಬುಡದಲ್ಲಿ. ಊರ ಅಂಚಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರಿಗೆ ಎರೆಮಣ್ಣಿನ ಸ್ವಭಾವ ಗೊತ್ತು: ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು, ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಕೊಳವೆಯನ್ನು ಎರಡೇ ವರ್ಷದಲ್ಲಿ ಓರೆ ಮಾಡಿಬಿಡುತ್ತದೆ. ಗುಣಿಯನ್ನು ಎರಡೂವರೆ ಅಡಿಗೆ ಕಡಿಮೆಯಿಲ್ಲದಂತೆ ತೋಡಿ, ಎರೆಯನ್ನು ತೆಗೆದು, ಗರಸು ತುಂಬಿ ದಮ್ಮಸು ಮಾಡಿ, ಆಮೇಲೆ ಕಾಂಕ್ರೀಟು ಹಾಕಿಸುವವರೇ ಬುದ್ಧಿವಂತರು. ಈ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಗುತ್ತಿಗೆದಾರನೂ ಅದನ್ನು ಹೇಳುವುದಿಲ್ಲ.

ಇದೆಲ್ಲ ಹಿತ್ತಿಲಿದ್ದವರ ಮಾತಾಯಿತು. ನಮ್ಮ ಮೋಮಿನಪುರದಂಥ ಹಳೆಯ, ಇಕ್ಕಟ್ಟಾದ ಬಡಾವಣೆಯಲ್ಲಿ, ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಯವರಿಗೆ ಹಿತ್ತಿಲೆಂದರೆ ಮಾಳಿಗೆಯೇ. ಅಲ್ಲಿ ನೆರಳುಮನೆ ಕಟ್ಟುವವರು ಉದ್ದಗಲಗಳನ್ನು ಎಣಿಸುವ ಮೊದಲು ತೂಕವನ್ನು ಎಣಿಸತಕ್ಕದ್ದು. ನೀರು ಕುಡಿದ ಮಣ್ಣು ಘನ ಅಡಿಯೊಂದಕ್ಕೆ 45ರಿಂದ 50 ಕಿಲೋ ತೂಗುತ್ತದೆ; ಹತ್ತಡಿ ಉದ್ದ, ಮೂರಡಿ ಅಗಲ, ಒಂದಡಿ ಆಳದ ಒಂದೇ ಮಡಿ ಸುಮಾರು ಒಂದೂವರೆ ಟನ್ನಿನ ಹೊರೆ. ಇಂಥ ಎರಡು ಮಡಿಗಳನ್ನು ಹಳೆಯ ಛಾವಣಿಯ ನಡುಮಧ್ಯೆ ಹೇರಿ ಕೆಳಗಿನ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗುವವರ ಧೈರ್ಯವನ್ನು ಮೆಚ್ಚಬೇಕೇ ಹೊರತು ಅನುಸರಿಸಬಾರದು. ತೆಂಗಿನ ನಾರಿನ ಪುಡಿ ಬೆರೆಸಿದ ಹಗುರವಾದ ಮಿಶ್ರಣ, ಹಗುರವಾದ ಚೀಲ, ಕುಂಡಗಳೆಲ್ಲ ಗೋಡೆಯ ನೇರಕ್ಕೆ: ಮಾಳಿಗೆಗೆ ಇಷ್ಟೇ ಒಪ್ಪುವಂಥದು, ಕೇಳುವುದಿದ್ದರೆ ಇಂಜಿನಿಯರನ್ನು ಕೇಳಬೇಕು, ನರ್ಸರಿಯವರನ್ನಲ್ಲ.

ನೀರಿನ ವಿಷಯವನ್ನು ಕಡೆಗಿಟ್ಟಿದ್ದೇನೆ. ಬೆಲೆ ಕೇಳುವ ಮೊದಲು ವಿಚಾರ ಮಾಡಬೇಕಾದುದು ಅದನ್ನೇ. ಬೇಸಿಗೆಯಲ್ಲಿ ನೆರಳಿನಡಿಯಲ್ಲಿಯೂ ಚದರ ಮೀಟರಿಗೆ ದಿನಕ್ಕೆ ಮೂರು ನಾಲ್ಕು ಲೀಟರು ನೀರು ಬೇಕೆಂದರೆ, ಹತ್ತು ಹದಿನಾರರ ಮನೆಗೆ ದಿನವೂ ನಾಲ್ಕು ಕೊಡ. ಭೀಮಾ ಹಾಗೂ ಬೆಣ್ಣೆತೊರೆಗಳನ್ನು ನೆಚ್ಚಿಕೊಂಡ ಈ ನಗರದಲ್ಲಿ, ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟುವ ತಿಂಗಳುಗಳಲ್ಲಿ ಆ ನಾಲ್ಕು ಕೊಡಗಳನ್ನು ಆರ್ಕಿಡ್ಡಿಗೆ ಎರೆಯುವುದು ಕೆಲವರಿಗೆ ಸಂಕೋಚದ ಸಂಗತಿಯಾಗಬೇಕು, ಆಗುವುದೇ ಸರಿ. ಮಳೆಯ ಪ್ರಮಾಣ ವರ್ಷಕ್ಕೆ 750 ಮಿಲಿಮೀಟರಿನಷ್ಟಿರುವಲ್ಲಿ ನೂರು ಚದರ ಮೀಟರಿನ ಮಾಳಿಗೆಯಿಂದ ಎಪ್ಪತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು ಹರಿದು ಚರಂಡಿಗೆ ಹೋಗುತ್ತದೆ. ಅದರ ಒಂದಂಶವನ್ನಾದರೂ ತೊಟ್ಟಿಯಲ್ಲಿ ಹಿಡಿದಿಟ್ಟವನಿಗೆ ಮಾತ್ರ ಹಸಿರುಮನೆಯ ಹಕ್ಕು ಬರುತ್ತದೆಂದು ನಾನು ನಿಷ್ಠುರವಾಗಿಯೇ ಹೇಳುವೆ. ಮಂಜಿನಂತೆ ನೀರು ಚಿಮುಕಿಸುವ ನಳಿಕೆಗಳನ್ನು ಹಾಕಿಸಿಕೊಂಡವರೂ ಇದ್ದಾರೆ. ಒಣಹವೆಯ ನಮ್ಮ ಬೇಸಿಗೆಯಲ್ಲಿ ಅವು ಕೂಲರಿನಂತೆಯೇ ಪರಿಣಾಮಕಾರಿ. ಆದರೆ ಗಡಸು ಬೋರಿನ ನೀರು ಅವುಗಳ ಬಾಯಲ್ಲಿ ಸುಣ್ಣ ಕಟ್ಟಿಸುವುದಕ್ಕೆ ಹೆಚ್ಚು ದಿನ ತೆಗೆದುಕೊಳ್ಳುವುದಿಲ್ಲ.

ಇಷ್ಟಾಗಿ, ಒಳಗೆ ಏನನ್ನು ಬೆಳೆಯುವಿರಿ? ಹತ್ತಿರದ ಕಮಲಾಪುರದ ಕೆಂಪು ಬಾಳೆ, ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಆ ಹಣ್ಣು, ಯಾರ ಹಸಿರುಮನೆಯನ್ನೂ ಬೇಡದೆ ಬಯಲಲ್ಲೇ ಗೊನೆ ಬಿಡುತ್ತದೆ. ಪುಂಡಿಪಲ್ಯಕ್ಕೂ ಮಲ್ಲಿಗೆಗೂ ನಮ್ಮ ಬಿಸಿಲೇ ಪ್ರಿಯ. ನೆರಳುಮನೆಯಿಂದ ನಿಜವಾಗಿ ಉಪಕೃತವಾಗುವುವು ಬೇಸಿಗೆಯ ಕೊತ್ತಂಬರಿ, ಮೆಂತ್ಯ, ಪಾಲಕ್, ಮಳೆಗಾಲಕ್ಕೆ ಮುಂಚೆ ಎಬ್ಬಿಸುವ ಸಸಿಗಳು, ಮತ್ತು ಹೂ ಉದುರಿಸುವ ಟೊಮ್ಯಾಟೊ. ಅದರ ಪರಾಗವು 35 ಡಿಗ್ರಿ ದಾಟಿದರೆ ನಿರ್ವೀರ್ಯವಾಗತೊಡಗುತ್ತದೆ. ಸ್ಟ್ರಾಬೆರಿಯ ಆಸೆಯನ್ನು ಮಹಾಬಳೇಶ್ವರಕ್ಕೇ ಬಿಟ್ಟುಕೊಡುವುದು ಲೇಸು.

ರಾಷ್ಟ್ರೀಯ ತೋಟಗಾರಿಕಾ ಮಿಷನ್ 2005-06ರಲ್ಲಿ ಆರಂಭವಾದ ಮೇಲೆ ಪಾಲಿಹೌಸು, ನೆರಳುಮನೆಗಳಿಗೆ ಸರ್ಕಾರದ ಸಹಾಯಧನ ದೊರೆಯುತ್ತ ಬಂದಿದೆ. ಅದು ಹೊಲದಲ್ಲಿ ಸಾವಿರಾರು ಚದರ ಮೀಟರು ಕಟ್ಟುವ ರೈತನಿಗೆ, ನ್ಯಾಯವಾಗಿಯೇ. ಹಿತ್ತಿಲಿನವರಿಗೆ ಹಣ ಬೇಡ, ತಿಳುವಳಿಕೆ ಸಾಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿರುವ ನಮ್ಮ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕೆ ಇಲಾಖೆಯೂ ಕೂಡಿ, ಹತ್ತು ಹದಿನಾರಡಿಯ ಮೂರು ಮನೆಗಳನ್ನು, ಒಂದಕ್ಕೆ ಪಾಲಿಕಾರ್ಬೊನೇಟು, ಒಂದಕ್ಕೆ ಪ್ಲಾಸ್ಟಿಕ್ ಹಾಳೆ, ಮತ್ತೊಂದಕ್ಕೆ ಎತ್ತರದ ಬಲೆ ಹೊದಿಸಿ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಒಳಗೊಂದೊಂದು ಉಷ್ಣಮಾಪಕವನ್ನು ತೂಗುಹಾಕಿ, ಮೇ ತಿಂಗಳು ಪೂರ್ತಿ ಸಾರ್ವಜನಿಕರಿಗೆ ಬಾಗಿಲು ತೆರೆದಿಡಲಿ. ಅಲ್ಲಿಯವರೆಗೆ, ಕಾರ್ತಿಕದ ಹಿತವಾದ ಹವೆಯಲ್ಲಿ ಹಸಿರುಮನೆ ಕೊಳ್ಳಲು ಹೊರಟ ಬಂಧುಗಳು ದಯವಿಟ್ಟು ವೈಶಾಖದವರೆಗೆ ತಡೆದು, ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ಹತ್ತು ನಿಮಿಷ ನಿಂತು ನೋಡಿದ ಮೇಲೆಯೇ ಮುಂಗಡ ಕೊಡಿರಿ.